ಎರಡೇ ಗೆರೆಯ ವಿಭೂತಿ

"ಮೂಗು ಹಚ್ಚಬ್ಯಾಡ್ರಿ ಮಾವಶಿ. ಸತ್ತವನ ಗಾಡಿ ಅದು."

ಹವಾಲ್ದಾರ ಸಂಭಾಜಿ ಹೇಳುವಷ್ಟರಲ್ಲಿ ಗುರುಸಿದ್ದವ್ವ ಮೂಗು ಹಚ್ಚಿಯಾಗಿತ್ತು.

ಕೊಲ್ಹಾಪುರದ ಪೊಲೀಸ್ ಆವರಣದ ಹಿಂಬದಿಯಲ್ಲಿ, ತಗಡಿನ ಮಾಡಿನ ಕೆಳಗೆ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಎದುರಿಗೆ ಕರಿ ಬಣ್ಣದ ಮೋಟಾರ್ ಸೈಕಲ್ಲು. ಹ್ಯಾಂಡಲ್ ತಿರುಚಿತ್ತು, ದೀಪದ ಗಾಜು ಒಡೆದಿತ್ತು. ಗಾಡಿ ಮಗ್ಗುಲಾಗಿ ಬಿದ್ದು ಜಾರಿದ್ದರಿಂದ ಮುಂದಿನ ಗಾಲಿ ಮಾತ್ರ ನೆಟ್ಟಗೆ ಉಳಿದಿತ್ತು.

ಗಾಡಿಯ ಒಡೆಯ ಸಿದ್ಧಲಿಂಗ ದಸರೆಯ ದಿನ ಗಡಹಿಂಗ್ಲಜ ರಸ್ತೆಯ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಸತ್ತು ಇಂದಿಗೆ ಹನ್ನೊಂದು ದಿನ; ಅದಕ್ಕೆ ಎರಡು ದಿನ ಮುಂಚೆ ಆ ಗಾಡಿ ತೊಳೆದ ಕೈ ಇಚಲಕರಂಜಿಯ ಗುರುಸಿದ್ದವ್ವನದು. ತೊಳೆಯುವಾಗ ಬ್ರೇಕಿಗೆ ಡೀಸೆಲ್ ತಾಗಿಸಿದಳು ಎಂಬುದು ಊರಿನ ಮಾತು.

ಮುಂದಿನ ಬ್ರೇಕಿನ ಡಿಸ್ಕಿನ ಮೇಲೆ ಅವಳು ಇನ್ನೊಮ್ಮೆ ಬೆರಳಾಡಿಸಿದಳು. ಹೆಬ್ಬೆರಳಿಗೆ ತಿಕ್ಕಿ ನೋಡಿದಳು.

"ಇದು ಡೀಸೆಲ್ ಅಲ್ರಿ."

"ರಿಪೋರ್ಟಿನಾಗ ಎಣ್ಣಿ ಅಂತ ಬರದಾರ."

"ಯಾವ ಎಣ್ಣಿ? ಶೇಂಗಾ ಎಣ್ಣಿನೂ ಎಣ್ಣಿ. ತೆಲಿಗಿ ಹಚ್ಕೊಳ್ಳೂದೂ ಎಣ್ಣಿ."

ಸಂಭಾಜಿ ನಗಲು ಹೋಗಿ ತಡೆದುಕೊಂಡ. ಅವನ ತಾಯಿಯ ತವರು ಗಡಿಯಂಚಿನ ದತ್ತವಾಡ. ಹಾಗಾಗಿ ಅವನಿಗೆ ಕನ್ನಡ ಬರುತ್ತಿತ್ತು. ಎಂಟು ವರ್ಷದಿಂದ ಅವನ ಗಾಡಿಯನ್ನೂ ತೊಳೆದವಳು ಇವಳೇ; ಅದಕ್ಕೇ ಮಾವಶಿ, ಚಿಕ್ಕಮ್ಮ, ಎಂಬ ಸಲಿಗೆ. ಹೇಗಿದ್ದರೂ ಇಂದು ಅವಳ ಹೇಳಿಕೆ ಬರೆದುಕೊಳ್ಳಬೇಕಿತ್ತು. ಬರೆಯುವ ಮುಂಚೆ ಅರ್ಧ ಗಂಟೆ ಗಾಡಿ ನೋಡಲು ಬಿಟ್ಟಿದ್ದು ಆ ಹಳೆಯ ಋಣಕ್ಕೆ.

"ಅರ್ಧಾ ತಾಸ್ ಝಾಲಾ ಮಾವಶಿ," ಎಂದು ಅವನು ಗಡಿಯಾರ ನೋಡಿದ.

"ಆಗಲಿ ಬಿಡ್ರಿ. ಒಂಚೂರು ನೀರ ಕೊಡ್ರಿ."

ಬಾಟಲಿಯಿಂದ ನಾಲ್ಕು ಹನಿ ನೀರನ್ನು ಅವಳು ಡಿಸ್ಕಿನ ಮೇಲೆ ಬಿಟ್ಟಳು. ನೀರು ಹರಡಲಿಲ್ಲ. ಕೆಸುವಿನೆಲೆಯ ಮೇಲೆ ಬಿದ್ದಂತೆ ದುಂಡಗಾಗಿ ನಿಂತು, ಉರುಳಿ ಕೆಳಗೆ ಬಿತ್ತು.

"ನೋಡಿದ್ರಿ? ಡೀಸೆಲ್ ಇದ್ದಿದ್ರ ನೀರಿನ ಮ್ಯಾಲ ಏಳು ಬಣ್ಣ ಹರಡತಿದ್ದು. ಇದು ನೀರಿಗೆ ಹತ್ರ ಬರಬ್ಯಾಡ ಅನ್ನಾಕತ್ತೈತಿ. ಟಾಯರ್ ಪಾಲಿಶ್ ಇದು. ಶೀಶೆದಾಗ ಬರ್ತೈತಿ. ಡಿಸ್ಕಿನ ಈ ತೂತಿನಾಗ ಮೂಗು ಹಚ್ರಿ, ಪೆಪ್ಪರಮಿಂಟಿನ ವಾಸನಿ ಇನ್ನೂ ಐತಿ. ಸಿದ್ಧಲಿಂಗ ಬ್ರೇಕ್ ಹಿಡದಾನ. ಅದು ಬೆಣ್ಣಿ ಹಚ್ಚಿದ ಚಾಕುವಿನಂಗ ಜಾರೇತಿ. ಇಳಿಜಾರಿನಾಗ ಹಿಂದಿನ ಬ್ರೇಕ್ ಒಂದಽ ಸಾಲೂದಿಲ್ಲ."

ಇವಳಿಗೆ ಇದೆಲ್ಲ ಕೆಡಿಸಿ ಕೆಡಿಸಿ ಬಂದ ವಿದ್ಯೆ. ಮಗ್ಗದ ಮಿಸ್ತ್ರಿಯಾಗಿದ್ದ ಗಂಡ ತೀರಿಹೋದ ಮೇಲೆ ಒಂದು ನೀರಿನ ಪಂಪು, ಎರಡು ಬಕೆಟ್ಟು ಇಟ್ಟುಕೊಂಡು ಗಾಡಿ ತೊಳೆಯುವ ಶೆಡ್ಡು ಹಾಕಿದಳು. ಮೊದಲ ವರ್ಷ ಸೋಡಾ ಪುಡಿಯಲ್ಲಿ ತಿಕ್ಕಿ ಎಷ್ಟೋ ಪೆಟ್ರೋಲ್ ಟಾಕಿಗಳ ಬಣ್ಣ ಮಂಕು ಮಾಡಿದ್ದಳು. ಡೀಸೆಲ್ ಸಿಂಪಡಿಸಿ ರಬ್ಬರುಗಳು ಉಬ್ಬುವಂತೆ ಮಾಡಿದ್ದಳು. ಒಂದೊಂದು ಗಾಡಿ ಕೆಟ್ಟಾಗಲೂ ಒಂದೊಂದು ಪಾಠ. ಈಗ ಅವಳ ಶೆಡ್ಡಿನಲ್ಲಿ ಇದ್ದದ್ದು ತಿಳಿ ಶಾಂಪೂ, ಹತ್ತಿಯ ಮೆತ್ತನೆ ಬಟ್ಟೆ, ಚೈನಿಗೆ ಮಾತ್ರ ಒಂದಿಷ್ಟು ಸೀಮೆಎಣ್ಣೆ. ಪಾಲಿಶ್ ಶೀಶೆಯನ್ನು ಅವಳು ಬಾಗಿಲೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಆದರೆ ಊರಿಗೆ ಇದು ಬೇಕಿರಲಿಲ್ಲ. ಇಚಲಕರಂಜಿ ಮಗ್ಗದ ಊರು. ಮಗ್ಗದ ಜಿಡ್ಡು ತೆಗೆಯುವ ಡೀಸೆಲ್ಲನ್ನೇ ನೂಲಿನ ಚಿಂದಿಗೆ ಹಾಕಿ ಗಾಡಿಯನ್ನೂ ಒರೆಸಿ ಮಿಂಚಿಸುವವರ ಊರು. ತಾವು ಮಾಡುವುದನ್ನೇ ಅವಳೂ ಮಾಡಿರುತ್ತಾಳೆ ಎಂದು ನಂಬಲು ಯಾರಿಗೂ ಕಷ್ಟವಾಗಲಿಲ್ಲ.

ಹನ್ನೊಂದು ದಿನದಿಂದ ಅವಳ ಶೆಡ್ಡಿಗೆ ಒಂದೇ ಒಂದು ಗಾಡಿ ಬಂದಿಲ್ಲ. ಗಾಡಿ ತೊಳೆಯುವ ತನಕ ಹರಟೆ ಹೊಡೆಯುತ್ತ ಕೂರುವವರ ಬಾಕಿನ ಮೇಲೆ ಈಗ ಧೂಳು ಕೂತಿದೆ. ನೆಲ ಒಣಗಿದ ವಾಶಿಂಗ್ ಸೆಂಟರ್ ಎಂದರೆ ಒಲೆ ಉರಿಯದ ಮನೆ. ಅದಕ್ಕೇ ಅವಳು ದಿನಾ ಬೆಳಿಗ್ಗೆ ಎದ್ದು ಪಂಪು ಹಚ್ಚಿ ಖಾಲಿ ನೆಲಕ್ಕೆ ನೀರು ಹೊಡೆಯುತ್ತಾಳೆ. ದಾರಿಯಲ್ಲಿ ಹೋಗುವವರಿಗೆ ನೆಲ ಹಸಿಯಾಗಿ ಕಾಣಲಿ ಎಂದು.

"ಅಗದಿ ಚಂದ ಆತು!"

ಹಿಂದಿನಿಂದ ಬಂದ ದನಿಗೆ ಇಬ್ಬರೂ ತಿರುಗಿದರು. ಸಿದ್ಧಲಿಂಗನ ಅಣ್ಣ ಕೇದಾರ. ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರಿ. ತಮ್ಮ ಸತ್ತ ದಿನದಿಂದ ಕ್ಷೌರ ಕಾಣದ ಮುಖದಲ್ಲಿ ಗಡ್ಡ ಬೆಳೆದಿತ್ತು.

"ತೊಳದಾಕಿನಽ ತಪಾಸ ಮಾಡಾಕತ್ತಾಳ. ಕಳ್ಳನ ಕೈಯಾಗ ಕೀಲಿ ಕೊಟ್ಟೀರಲ್ರಿ ಹವಾಲ್ದಾರ್ರ?"

"ಬರ್ರಿ ಸಾವಕಾರ್ರ," ಎಂದಳು ಗುರುಸಿದ್ದವ್ವ, ಏಳದೆ. "ಬೈಯೂದು ಆಮ್ಯಾಲ ಬೈರಿ. ಮೊದಲ ಇಲ್ಲಿ ಕುಂಡ್ರಿ."

"ನಿಮ್ಮ ಬಾಜೂಕ ಕುಂಡ್ರೂ ಹೊತ್ತು ನನಗ ಬಂದಿಲ್ಲ."

"ನನ್ನ ಬಾಜೂಕ ಬ್ಯಾಡ. ತಮ್ಮನ ಗಾಡಿ ಬಾಜೂಕ ಕುಂಡ್ರಿ."

ಆ ಮಾತಿಗೆ ಕೇದಾರ ತಡವರಿಸಿದ. ಕೂರಲಿಲ್ಲ, ಆದರೆ ಹತ್ತಿರ ಬಂದ.

"ನಿಮ್ಮ ತಮ್ಮ ಗಾಡಿ ಒಯ್ಯೂ ಮುಂದ ಬೇವಿನ ಗಿಡದ ತನಕ ಹೋಗಿ ಮೂರು ಸಲ ಬ್ರೇಕ್ ಹಿಡದು ತೋರಿಸ್ಯಾನ. ನನ್ನ ಶೆಡ್ಡಿನ ರಿವಾಜು ಅದು, ನೀವೂ ತೋರಿಸೀರಿ. ಗಾಲಿ ಗಪ್ಪಂತ ನಿಂತಿತ್ತು."

"ಅದಕ್ಕ ಸಾಕ್ಷಿ ಯಾರು? ಸತ್ತಾವ?"

"ಗಾಡಿ. ಇಲ್ಲಿ ನೋಡ್ರಿ. ಟಾಯರಿಗೆ ಪಾಲಿಶ್ ಹೊಡಿಯೂ ಮುಂದ ಕೈ ತಪ್ಪಿದ್ರ ಹನಿ ಡಿಸ್ಕಿನ ಹೊರಮೈ ಮ್ಯಾಲ ಬೀಳತಾವ. ಇದು ಒಳಮೈಗೂ ಐತಿ. ಒಂದ ಸವನ. ಯಾರೋ ನೆಲದ ಮ್ಯಾಲ ಕುಂತು, ಗಾಲಿ ತಿರಿವಿಕೋತ, ಬಟ್ಟಿಲೆ ಎರಡೂ ಕಡೆ ಒರಸ್ಯಾರ. ಇದು ಕೈ ತಪ್ಪಿ ಆದದ್ದಲ್ಲ."

"ಆ ಯಾರೋ ನೀವಽ ಯಾಕ ಆಗಿರಬಾರದು?"

ಅವಳು ಗಾಲಿಯ ಕಡೆಗೆ ಬಾಗಿದಳು. ಡಿಸ್ಕಿನ ಮೇಲೆಯೇ ಇದ್ದ ಮಡ್‌ಗಾರ್ಡಿನ ಧೂಳನ್ನು ಬಾಯಿಂದ ಊದಿದಳು.

ನವಮಿಯ ಖಂಡೆ ಪೂಜೆಯಲ್ಲಿ ಆಯುಧ-ಗಾಡಿಗಳಿಗೆ ಹಚ್ಚುವ ವಿಭೂತಿ ಕಾಣಿಸಿತು. ಪೆಟ್ರೋಲ್ ಟಾಕಿಯ ಮೇಲೆ ಅಚ್ಚುಕಟ್ಟಾದ ಮೂರು ಗೆರೆ, ಒಣಗಿ ಬೆಳ್ಳಗಿತ್ತು. ಮಡ್‌ಗಾರ್ಡಿನ ಮೇಲಿನದು ಬೇರೆ. ಅಲ್ಲಿ ವಿಭೂತಿ ಜಿಡ್ಡು ಹೀರಿ ಬೂದು ಬಣ್ಣಕ್ಕೆ ತಿರುಗಿತ್ತು. ಗೆರೆಗಳೂ ಎರಡೇ. ಒಂದು ಮೇಲೆ, ಒಂದು ಕೆಳಗೆ. ನಡುವೆ ಒಂದು ಬೆರಳಿನಷ್ಟು ಖಾಲಿ.

ಆ ಖಾಲಿ ಜಾಗದಲ್ಲಿ ತನ್ನ ಬೆರಳು ಇಡಬೇಕು ಅನಿಸಿತು ಅವಳಿಗೆ. ಕೈ ಅರ್ಧ ದಾರಿ ಹೋಗಿಯೂ ಬಿಟ್ಟಿತ್ತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡಳು.

"ಸಾವಕಾರ್ರ, ಪೂಜಿ ಯಾರು ಮಾಡಿದ್ರಿ?"

"ನಾನಽ. ಯಾಕ?"

ಅವಳು ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಅವನ ಮುಂದೆ ಹಿಡಿದಳು. "ಈ ಗ್ವಾಡಿ ತಗಡಿಗೆ ಒಮ್ಮೆ ಎಳದು ತೋರಸ್ರಿ."

"ನನ್ನ ಮ್ಯಾಲ ಸಂಶೇ ಏನ್ರಿ ನಿಮಗ?" ಕೇದಾರನ ಮುಖ ಕೆಂಪಾಯಿತು. "ನನ್ನ ತಮ್ಮ ಅಂವ! ನನ್ನ ಹೆಗಲ ಮ್ಯಾಲ ಬೆಳದಾವ!"

"ಅದಕ್ಕ ಕೇಳಾಕತ್ತೇನಿ. ನಿಮ್ಮದಲ್ಲ ಅಂತ ನಿಕ್ಕಿ ಆದ್ರ, ಯಾರದು ಅಂತ ಹುಡಕಬಹುದು."

ಸಂಭಾಜಿ ನಡುವೆ ಬಾಯಿ ಹಾಕಿದ. "ಕಾಢಾ ನಾ ಶೇಟ್. ಎಳೀರಿ. ಎಳದ್ರ ಏನ್ ಹೋಗ್ತೈತಿ?"

ಕೇದಾರ ಗಟ್ಟಿಯನ್ನು ಕಸಿದುಕೊಂಡು, ಮೂರು ಬೆರಳಿಗೆ ತಿಕ್ಕಿ, ಕೋಪದಲ್ಲಿ ತಗಡಿನ ಮೇಲೆ ಎಳೆದ. ಮೂರು ಗೆರೆ. ಪೂರಾ ಮೂರು.

ಆಮೇಲೆ ಸಿಟ್ಟಿನಲ್ಲೇ ಮೊಬೈಲ್ ತೆಗೆದು ಅವಳ ಮುಖಕ್ಕೆ ಹಿಡಿದ. ನವಮಿಯ ಫೋಟೋ. ಚೆಂಡುಹೂವಿನ ಮಾಲೆ ಹಾಕಿದ ಗಾಡಿ, ಪಕ್ಕದಲ್ಲಿ ಸಿದ್ಧಲಿಂಗ. ಹಲ್ಲು ಕಾಣುವಂತೆ ನಗುತ್ತಿದ್ದ. ಮಡ್‌ಗಾರ್ಡಿನ ಮೇಲೆ ಮೂರು ಬಿಳಿ ಗೆರೆ.

"ನಮ್ಮನ್ಯಾಗ ಪೂಜಿ ಆದಮ್ಯಾಲ ಯಾರೂ ಗಾಡಿ ಒರಸೂದಿಲ್ಲ," ಎಂದ ಕೇದಾರ. ದನಿ ಈಗ ಇಳಿದಿತ್ತು. "ವಿಭೂತಿ ತಾನಽ ಉದರಬೇಕು. ಸಿದ್ಧ್ಯಾನೂ ಒರಸಾವಲ್ಲ."

"ಆದ್ರ ಯಾರೋ ಒರಸ್ಯಾರ. ಡಿಸ್ಕ್ ಒರಸೂ ಮುಂದ ಆ ಪಾಲಿಶ್ ಬಟ್ಟಿ ಮ್ಯಾಲ ತಾಗಿ ನಿಮ್ಮ ಮೂರು ಗೆರಿ ಅಳಿಸ್ಯಾವ. ಅಳಿಸಿದ್ದು ನೋಡಿ ಅವರಿಗಿ ಜೀವ ಝಲ್ಲಂದೈತಿ. ಪೂಜಿ ಗುರ್ತು ಅಳಿಸಿ ಬಿಡಾಕ ಮನಸ್ ಬಂದಿಲ್ಲ. ಹೊಸಾದು ಎಳದಾರ, ಜಿಡ್ಡಿನ ಮ್ಯಾಲನಽ."

"ಕೊಲ್ಲಾಕ ಬಂದಾವ ವಿಭೂತಿ ಹಚ್ಚತಾನೇನ್ರಿ?" ಸಂಭಾಜಿಗೆ ನಂಬಿಕೆ ಬರಲಿಲ್ಲ.

"ನಮ್ಮ ಮಂದಿ ಹಚ್ಚತಾರ್ರಿ. ಬ್ಯಾರೆ ಯಾರರ ಆಗಿದ್ರ ಅಳಿಸಿದ್ದು ಅಳಿಸಿತು ಅಂತ ಹೋಗತಿದ್ರು. ಇವರು ಅಲ್ಲೇ ಸಿಕ್ಕೊಂಡಾರ." ಅವಳು ತನ್ನ ಬಲಗೈಯ ಮೂರು ಬೆರಳು ಎತ್ತಿ, ನಡುವಿನದನ್ನು ಮಡಚಿ ತೋರಿಸಿದಳು. "ಇವರಿಗಿ ನಡುವಿನ ಬೆರಳು ಇಲ್ಲ. ಇದ್ರೂ ಮೋಟು."

ಸಂಭಾಜಿ ಬಗ್ಗಿ ಆ ಎರಡು ಗೆರೆಗಳನ್ನು ನೋಡಿದ.

ಹನ್ನೊಂದು ದಿನದಲ್ಲಿ ಮೊದಲ ಸಲ ಗುರುಸಿದ್ದವ್ವನ ಎದೆ ಹಗುರಾಯಿತು. ಮಗ್ಗದ ಊರಲ್ಲಿ ಮೋಟು ಬೆರಳಿಗೇನು ಬರ? ಮಗ್ಗಕ್ಕೆ ಬೆರಳು ಕೊಟ್ಟವರು ಓಣಿಗೆ ಇಬ್ಬರು ಸಿಗುತ್ತಾರೆ. ಆದರೆ ಸಿದ್ಧಲಿಂಗನ ಗಾಡಿಯ ಹತ್ತಿರ ಬರುವ ಸಲಿಗೆ ಇದ್ದವರು ಒಬ್ಬರೋ ಇಬ್ಬರೋ.

"ಬರಕೋರಿ ಹವಾಲ್ದಾರ್ರ," ಎಂದಳು. "ನಾ ಹೇಳಿದ್ದು ಹೇಳಿದಂಗ. ಪಾಲಿಶ್, ಎರಡು ಗೆರಿ, ಬಲಗೈ ನಡುವಿನ ಬೆರಳು. ನನ್ನ ಹೆಸರು ನಿಚ್ಚಳ ಆಗಬೇಕು."

ಸಂಭಾಜಿ ಮಡ್‌ಗಾರ್ಡಿನ ನಾಲ್ಕು ಫೋಟೋ ಹೊಡೆದುಕೊಂಡ. ಕಾಗದವನ್ನು ಗಾಡಿಯ ಸೀಟಿನ ಮೇಲಿಟ್ಟು ಮರಾಠಿಯಲ್ಲಿ ಬರೆದ, ಓದಿ ಹೇಳಿದ. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಕೇದಾರ ಅಷ್ಟೂ ಹೊತ್ತು ತಮ್ಮನ ಫೋಟೋವನ್ನೇ ನೋಡುತ್ತಿದ್ದ.

"ಅಕ್ಕಾರ," ಎಂದ. ಈಗ ಕರೆದ ರೀತಿಯೇ ಬೇರೆಯಾಗಿತ್ತು. "ನಾ ನಿಮಗ ಭಾಳ ಅಂದೇನಿ. ಆದ್ರ ಇಚಲಕರಂಜ್ಯಾಗ ಹುಡಕಿ ಉಪಯೋಗಿಲ್ಲ."

"ಯಾಕ್ರಿ?"

"ಅಂವ ಗಡಹಿಂಗ್ಲಜಕ್ಕ ಹೋಗೂ ಮುಂದ ಸತ್ತ ಅಂತ ಊರಾಗ ಅಂತಾರ. ಅಲ್ಲ. ಅಂವ ಮುಟ್ಟಿದ್ದ. ಮೂರು ಗಂಟೆಕ್ಕ ಅಲ್ಲಿಂದನಽ ನನಗ ಫೋನ್ ಮಾಡಿದ್ದ. ದಸರೆ ಬನ್ನಿ ಎಲಿ ಕೊಟ್ಟೆ, ಹೊಂಟೆ ಅಂದ. ಸತ್ತದ್ದು ಹೊಳ್ಳಿ ಬರೂ ಮುಂದ."

"ಹಂಗಾರ ಹೋಗೂ ಮುಂದ ಬ್ರೇಕ್ ಹಿಡದೈತಿ," ಎಂದ ಸಂಭಾಜಿ. "ದಸರೆ ಗದ್ದಲದಾಗ ಬ್ರೇಕ್ ಇಲ್ದ ಅಷ್ಟು ದೂರ ಹೋಗಾಕ ಆಗೂದಿಲ್ಲ. ಗಡಹಿಂಗ್ಲಜದಾಗ ಗಾಡಿ ನಿಂತಾಗ ಒರಸ್ಯಾರ."

ಗುರುಸಿದ್ದವ್ವ ಸಂಚಿಯ ದಾರ ಎಳೆದು ಕಟ್ಟುತ್ತಿದ್ದಳು. ಕೈ ನಿಂತಿತು.

"ಬನ್ನಿ ಯಾರಿಗಿ ಕೊಡಾಕ ಹೋಗಿದ್ದ?"

"ಹೆಸರು ಹೇಳಲಿಲ್ಲ. ಒಬ್ಬಾಕಿ ಅದಾಳ, ದೀಪಾವಳಿ ಆದಮ್ಯಾಲ ಮನಿಗಿ ಕರಕೊಂಡು ಬರ್ತೇನಿ, ಬೈಬ್ಯಾಡ ಅಂದಿದ್ದ." ಕೇದಾರ ಮುಖ ಒರೆಸಿಕೊಂಡ. "ನಾ ಬೈತಿದ್ದಿಲ್ರಿ."

"ಉದ್ಯಾ ಸಕಾಳೀಚ್ ಜಾತೋ," ಎಂದ ಸಂಭಾಜಿ ಕಾಗದ ಮಡಚುತ್ತ. "ನಾಳೆ ಮುಂಜಾನೆ ಎಂಟಕ್ಕ ಗಡಹಿಂಗ್ಲಜದಾಗ ಇರ್ತೇನಿ. ಅಲ್ಲೇನು ಮಗ್ಗದ ಊರಲ್ಲ. ಮೋಟು ಬೆರಳಿನ ಮಂದಿ ಎಷ್ಟು ಇದ್ದಾರು? ಸಂಜೀತನಕ ಸಿಗ್ತಾರ. ಮಾವಶಿ, ತುಮ್ಹೀ ಸುಟಲಾ. ನೀವು ಪಾರಾದ್ರಿ."

ಅವಳು ತಲೆ ಅಲ್ಲಾಡಿಸಿದಳು. ನೀರಿನ ಬಾಟಲಿಯನ್ನು ಸಂಭಾಜಿಯ ಕೈಗೆ ಕೊಟ್ಟು ಗೇಟಿನ ಕಡೆಗೆ ನಡೆದಳು.

ಇಚಲಕರಂಜಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಗೆ, ಯಾರ ಮನೆಗೆ, ಮಕ್ಕಳೆಷ್ಟು ಎಂದು ಕೇಳಿದಳು.

"ಒಬ್ಬಾಕಿ ಮಗಳು," ಎಂದಳು ಗುರುಸಿದ್ದವ್ವ.

"ಎಲ್ಲಿ ಕೊಟ್ಟೀರಿ?"

ಅವಳು ಹೊರಗೆ ನೋಡಿದಳು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಮುಗಿಯುವಂತೆಯೇ ಕಾಣಲಿಲ್ಲ.

ಮೋಟು ಬೆರಳಿನವರು ಲೋಕದಲ್ಲಿ ಸಾವಿರ ಜನ ಇದ್ದಾರು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಗಡಹಿಂಗ್ಲಜದ ಪಕ್ಕದ ಆಜರಾದ ಗೇರುಬೀಜದ ಕಾರಖಾನೆಯವರು, ಗಿರಣಿಯವರು, ಕಬ್ಬು ಕಡಿಯುವವರು. ಬಸ್ಸು ಒಂದೊಂದು ನಿಲ್ದಾಣ ದಾಟುವಾಗ ಒಬ್ಬೊಬ್ಬರನ್ನು ಸೇರಿಸುತ್ತ ಹೋದಳು. ಊರು ಬರುವ ಹೊತ್ತಿಗೆ ಲೆಕ್ಕ ಸಾಕಷ್ಟು ದೊಡ್ಡದಾಗಿತ್ತು. ಎದೆಯ ಭಾರ ಮಾತ್ರ ಹಾಗೇ ಇತ್ತು.

ಶೆಡ್ಡಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬೆಳಿಗ್ಗೆ ಹೊಡೆದ ನೀರು ಆರಿ ನೆಲ ಬೆಳ್ಳಗಾಗಿತ್ತು. ಎದುರು ಓಣಿಯಿಂದ ಮಗ್ಗಗಳ ಸದ್ದು ಖಟಖಟ ಬರುತ್ತಿತ್ತು. ಅಷ್ಟು ಸದ್ದಿನ ನಡುವೆಯೂ ಶೆಡ್ಡಿನಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

ಅವಳು ಗೋಡೆಯ ಫಲಕದ ಮುಂದೆ ಹೋಗಿ ನಿಂತಳು.

ಮೇಲೆ ಮರಾಠಿ, ಕೆಳಗೆ ಕನ್ನಡ. ಮೊದಲ ಸಾಲು ಕೆಂಪು ಬಣ್ಣದಲ್ಲಿ: ಚಾಲೂ ಇರುವ ಗಾಡಿಯ ಚೈನಿಗೆ ಬಟ್ಟೆ ಹಚ್ಚಬಾರದು. ಬಂದವರು ಆ ಸಾಲು ಮಾತ್ರ ಯಾಕೆ ಕೆಂಪು ಎಂದು ಕೇಳಿದರೆ, "ಅದು ಬ್ಯಾರೆ ಕತಿ ಬಿಡ್ರಿ" ಎಂದು ಅವಳು ಪಂಪು ಹಚ್ಚಿಬಿಡುತ್ತಿದ್ದಳು.

ಆ ಕತೆ ಹೀಗಿತ್ತು. ಶೆಡ್ಡು ಹಾಕಿದ ಮೊದಲ ವರ್ಷ, ಸ್ಟ್ಯಾಂಡ್ ಹಾಕಿದ ಗಾಡಿಯನ್ನು ಚಾಲೂ ಮಾಡಿ, ಗಿಯರ್ ಹಾಕಿ, ಓಡುವ ಚೈನಿಗೆ ಸೀಮೆಎಣ್ಣೆಯ ಬಟ್ಟೆ ಹಿಡಿದರೆ ಬೇಗ ಸ್ವಚ್ಛವಾಗುತ್ತದೆ ಎಂದು ಯಾರೋ ಹೇಳಿದ್ದರು. ಹತ್ತು ವರ್ಷದ ಮಗಳ ಕೈಗೆ ಬಟ್ಟೆ ಕೊಟ್ಟು, "ಗಟ್ಟಿ ಹಿಡಿ, ಬಿಡಬ್ಯಾಡ" ಎಂದಿದ್ದಳು ಗುರುಸಿದ್ದವ್ವ. ಮಗಳು ಬಿಡಲಿಲ್ಲ. ಚೈನು ಬಟ್ಟೆಯನ್ನು ಎಳೆದುಕೊಂಡಿತು. ಬಟ್ಟೆಯ ಜೊತೆ ಬಲಗೈಯ ನಡುವಿನ ಬೆರಳೂ ಹೋಯಿತು.

ಆಮೇಲೆ ದಿನಾ ಬೆಳಿಗ್ಗೆ ದೀಪಾಲಿ ಹಣೆಗೆ ವಿಭೂತಿ ಹಚ್ಚಿಕೊಂಡು ತಾಯಿಯ ಮುಂದೆ ಬಂದು ನಿಲ್ಲುತ್ತಿದ್ದಳು. ಎರಡು ಗೆರೆ. ನಡುವಿನ ಖಾಲಿ ಜಾಗದಲ್ಲಿ ಗುರುಸಿದ್ದವ್ವ ತನ್ನ ಬೆರಳಿನಿಂದ ಮೂರನೆಯ ಗೆರೆ ಎಳೆಯುತ್ತಿದ್ದಳು. ಎಷ್ಟೋ ವರ್ಷ. ಹೊರಗೆ ಗಾಡಿಯವರು ಕೂಗುತ್ತಿದ್ದರೂ ಅದಕ್ಕೆ ಮಾತ್ರ ಪುರುಸೊತ್ತು ಇತ್ತು.

ಮಗಳನ್ನು ನೋಡಲು ಬಂದ ವರನ ಕಡೆಯವರೆದುರು ಗುರುಸಿದ್ದವ್ವ "ಬಲಗೈ ಸೆರಗಿನಾಗ ಇಟ್ಕೋ" ಎಂದು ಪಿಸುಗುಟ್ಟಿದ ದಿನ ಅದೂ ನಿಂತಿತು. "ಈ ಕೈ ಮಾಡಿದಾಕಿನೂ ನೀನಽ, ಮುಚ್ಚಿಡು ಅನ್ನಾಕಿನೂ ನೀನಽ," ಎಂದಳು ಮಗಳು. ಮರುದಿನ ಗಡಹಿಂಗ್ಲಜದ ಬಸ್ಸು ಹತ್ತಿದಳು. ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ ಎಂದು ಮಂದಿ ಹೇಳಿ ಗೊತ್ತು. ಮೂರು ವರ್ಷವಾಯಿತು.

ಈ ಊರಲ್ಲಿ ಅವಳ ಹೆಸರು ಹಿಡಿದು ಕೇಳುತ್ತಿದ್ದವನು ಒಬ್ಬನೇ. ಗಾಡಿ ತೊಳೆಯುವ ತನಕ ಬಾಕಿನ ತುದಿಯಲ್ಲಿ ಕೂತು, ಎಲ್ಲೋ ನೋಡುತ್ತ, "ದೀಪಾಲಿ ಹ್ಯಾಂಗದಾಳ್ರಿ?" ಎನ್ನುತ್ತಿದ್ದ. "ಚಲೋ ಅದಾಳಪ್ಪಾ" ಎಂದು ಅವಳು ಗೊತ್ತಿಲ್ಲದ ಸುದ್ದಿ ಹೇಳುತ್ತಿದ್ದಳು. ಪಾಪ, ಮಾತಿಗೆ ಕೇಳುತ್ತಾನೆ ಅಂದುಕೊಂಡಿದ್ದಳು. ತನಗಿಂತ ಹೆಚ್ಚು ಸುದ್ದಿ ಸಿದ್ಧಲಿಂಗನಿಗೇ ಗೊತ್ತಿತ್ತೇನೋ.

ಗುರುಸಿದ್ದವ್ವ ಫಲಕದ ಕೆಳಗಿನ ಸಾಲುಗಳ ಮೇಲೆ ಕೈಯಾಡಿಸಿದಳು. ಹದಿನಾರನೆಯ ವಯಸ್ಸಿನಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ ಕುಂಚ ಹಿಡಿದು ದೀಪಾಲಿಯೇ ಬರೆದ ಅಕ್ಷರ. ಮೂರನೆಯ ಸಾಲಿಗೆ ಬಂದು ಕೈ ನಿಂತಿತು.

ಡಿಸ್ಕಿಗೆ, ಸೀಟಿಗೆ ಪಾಲಿಶ್ ಎಂದಿಗೂ ಹಚ್ಚಬಾರದು. ಜೀವ ಹೋದೀತು.

ತಿಳಿಯದೆ ಮಾಡಿದಳು ಎಂದುಕೊಳ್ಳಲು ಆ ಗೋಡೆ ಬಿಡಲಿಲ್ಲ.

ಬಾಕಿನ ಧೂಳಿನ ಮೇಲೆಯೇ ಕೂತು ಅವಳು ಮೊಬೈಲ್ ತೆಗೆದಳು. ಮೂರು ವರ್ಷ ಒತ್ತದ ನಂಬರು ಬೆರಳಿಗೆ ಮರೆತಿರಲಿಲ್ಲ. ಒಂದು ರಿಂಗು. ಎರಡು. ಆ ಕಡೆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು, ಮತ್ತೆ ನಿಂತಿತು.

ಏನೆಂದು ಕೇಳಬೇಕು? ಬಸ್ಸಿನಲ್ಲಿ ಇಡೀ ದಾರಿ ಇದ್ದೂ ಅದೊಂದನ್ನು ಅವಳು ಯೋಚಿಸಿರಲಿಲ್ಲ.

"ಅವ್ವಾ," ಎಂದಳು ದೀಪಾಲಿ. ದನಿಯಲ್ಲಿ ಆಶ್ಚರ್ಯವಿರಲಿಲ್ಲ. ಹನ್ನೊಂದು ದಿನದಿಂದ ಈ ಕರೆಗೇ ಕಾದು ಕೂತಂತಿತ್ತು. "ಅದು ಡೀಸೆಲ್ ಅಲ್ಲ ಅಂತ ನಿನಗ ಗೊತ್ತಾತು, ಹೌದಲ್ಲ?"

"ಹ್ಞೂಂ," ಎಂದಳು ಗುರುಸಿದ್ದವ್ವ.

"ಅಂವನೂ ಅಣ್ಣನ ಮುಂದ ಕೈ ಸೆರಗಿನಾಗ ಇಟ್ಕೋ ಅಂದ, ನಿನ್ನಂಗನಽ. ಈಗ ಒಂದ ಹೇಳು," ಎಂದಳು ಮಗಳು. "ಇನ್ನ ಇಲ್ಲಿಗಿ ಮೊದಲ ಯಾರು ಬರ್ತೀರಿ? ನೀನೋ, ಪೊಲೀಸರೋ?"